ಫಲಕದ ಮೇಲಿನ ಮೂರು ಬೆರಳು

ಏಸಿಯ ತಣ್ಣನೆ ಗಾಳಿ ಹಾಯುವ ತಗಡಿನ ಕೊಳವೆಗೆ ಡಕ್ಟು ಎನ್ನುತ್ತಾರೆ; ಮೇಸ್ತ್ರಿಯ ಕೈ ಬಿದ್ದ ಡಕ್ಟು ಒಂದು ಉಸಿರಿನಷ್ಟೂ ಸೋರುವುದಿಲ್ಲ ಎಂದು ಆ ಕಸುಬಿನವರೆಲ್ಲ ಹೇಳುತ್ತಿದ್ದರು. ಹಾಗೆ ಹೇಳುವವರಲ್ಲಿ ಒಬ್ಬರೂ ಮೇಸ್ತ್ರಿ ಚಾವಣಿಯೊಳಗೆ ಹೋದದ್ದನ್ನು ಕಂಡವರಲ್ಲ. ಕಾಣುವ ಸಂಭವವೂ ಇರಲಿಲ್ಲ. ಫ್ಲ್ಯಾಟುಗಳ ಫಾಲ್ಸ್ ಸೀಲಿಂಗಿಗೆ ಬಚ್ಚಲುಮನೆಯ ಮೇಲೋ ನಡುಮನೆಯ ಮೂಲೆಯಲ್ಲೋ ಬಿಟ್ಟಿರುವ ಕಿಂಡಿ ಒಂದೂವರೆ ಅಡಿ ಅಗಲದ್ದು. ಮೇಸ್ತ್ರಿಯ ಭುಜ ಅದಕ್ಕಿಂತ ನಾಲ್ಕು ಬೆರಳು ಹೆಚ್ಚು. ಒಳಗೆ ಹೋಗುತ್ತಿದ್ದವಳು ಅವನ ಹೆಂಡತಿ.

ಮೊದಲ ಸಲ ಹೋದದ್ದು ಮದುವೆಯಾದ ವರ್ಷ. ಕೆಲಸದಾಳು ಹೇಳದೆ ಕೇಳದೆ ಕೈಕೊಟ್ಟಿದ್ದ. ಆ ಫ್ಲ್ಯಾಟಿನವರು ಸೆಖೆಗೆ ಬೆಂದು, ಇವತ್ತೇ ಆಗಬೇಕು ಎಂದು ಪಟ್ಟು ಹಿಡಿದಿದ್ದರು. ಊಟದ ಡಬ್ಬಿ ತಂದುಕೊಟ್ಟು ಹೊರಡಲಿದ್ದ ಹೆಂಡತಿಯನ್ನು ಮೇಸ್ತ್ರಿ ಅಡಿಯಿಂದ ಮುಡಿಯವರೆಗೆ ನೋಡಿದ. "ನೀನು ಹಿಡಿಸ್ತೀಯ ನೋಡು. ಇದೊಂದ್ಸಲ ಹತ್ತಿಬಿಡು," ಅಂದ. ಆ ಒಂದು ಸಲ ಹದಿನೆಂಟು ವರ್ಷ ನಡೆಯಿತು. ಕಸುಬಿನವರು ಅವಳಿಗೆ ಸಣ್ಣಕ್ಕ ಎಂದು ಹೆಸರಿಟ್ಟರು. ಮೇಸ್ತ್ರಿ ಯಾವತ್ತೂ ಮೇಸ್ತ್ರಿಯೇ.

ಚಾವಣಿಯೊಳಗಿನ ವಿದ್ಯೆ ಅವಳಿಗೆ ಯಾರೂ ಕಲಿಸಿದ್ದಲ್ಲ. ಕೆಳಗಿದ್ದವನಿಗೆ ಗೊತ್ತಿದ್ದರೆ ತಾನೆ ಕಲಿಸುವುದು. ಬೋರಲು ಮಲಗಿ, ಮೊಣಕೈ ಊರಿ ತೆವಳುತ್ತ, ಅವಳೇ ಒಂದೊಂದಾಗಿ ಕಂಡುಕೊಂಡಳು. ಹಳೆಯ ಸೋರಿಕೆಯನ್ನು ಹುಡುಕಬೇಕಾಗಿಲ್ಲ, ಗಾಳಿ ನುಸುಳುವ ಸಂದಿಯ ಮೇಲೆ ವರ್ಷಗಟ್ಟಲೆಯ ಧೂಳು ಮೀಸೆಯ ಹಾಗೆ ಕಪ್ಪಗೆ ಕೂತಿರುತ್ತದೆ. ಹೊಸ ಸೋರಿಕೆಗೆ ಇನ್ನೂ ಮೀಸೆ ಬಂದಿರುವುದಿಲ್ಲ. ಅದಕ್ಕೆ ಮುಂಗೈಯನ್ನು ಒದ್ದೆ ಮಾಡಿಕೊಂಡು ಸಂದಿಯ ಉದ್ದಕ್ಕೂ ಆಡಿಸಬೇಕು, ಎಲ್ಲಿ ಜುಮ್ಮೆಂದು ತಣ್ಣಗಾಯಿತೋ ಅಲ್ಲಿ. ಹಿಂದಿನವರು ಸುತ್ತಿದ ಬಟ್ಟೆಯ ಟೇಪು ಒಣಗಿ ಸಿಪ್ಪೆ ಎದ್ದಿರುತ್ತದೆ. ಅದನ್ನು ಕಿತ್ತು, ತಗಡನ್ನು ಒರೆಸಿ, ಜಾಲರಿಯ ಪಟ್ಟಿ ಸುತ್ತಿ, ಮೇಲೆ ಬೂದುಬಣ್ಣದ ಲೇಪ ಬಳಿಯಬೇಕು. ಮುಂದಿನ ಮೈಗೆ ಬ್ರಷ್ಷು ಸಾಕು. ಗೋಡೆಗೆ ಒತ್ತಿಕೊಂಡ ಹಿಂಬದಿಗೆ ಬ್ರಷ್ಷು ಹೋಗುವುದಿಲ್ಲ. ಬಹಳ ಜನ ಅದನ್ನು ಹಾಗೇ ಬಿಟ್ಟು ಇಳಿಯುತ್ತಾರೆ, ಮುಂದಿನ ಬೇಸಿಗೆಗೆ ಮತ್ತೆ ಕರೆ ಬರುತ್ತದೆ. ಸಣ್ಣಕ್ಕ ಕೈಗವಸು ಕಳಚಿ, ಬೆರಳಿಂದಲೇ ಲೇಪ ತಳ್ಳಿ, ಹಿಂಬದಿಯನ್ನೂ ತಡವಿ ಮುಚ್ಚುತ್ತಿದ್ದಳು. ಮೂರನೇ ವರ್ಷ ತಗಡಿನ ಅಂಚು ಬಲಗೈಯ ಉಂಗುರದ ಬೆರಳನ್ನು ಕಡಿದು, ಅದು ಒಳಮಡಿಚಿಕೊಂಡು ನಿಂತುಬಿಟ್ಟಿತು. ಆಮೇಲಿನ ಎಲ್ಲ ಲೇಪದಲ್ಲೂ ಎರಡು ಬೆರಳಿನ ಗೀರು, ನಡುವೆ ಒಂದು ಖಾಲಿ, ಪಕ್ಕದಲ್ಲಿ ಕಿರುಬೆರಳಿನ ಗೀರು.

ಕೊನೆಗೆ ಮಾರ್ಕರಿನಲ್ಲಿ ತಾರೀಕು ಬರೆದು, ಪಕ್ಕದಲ್ಲಿ ಮೇಸ್ತ್ರಿಯ ಹೆಸರಿನ ಎರಡು ಅಕ್ಷರ ಹಾಕಬೇಕು. ಅದು ಮೇಸ್ತ್ರಿಯ ಅಪ್ಪಣೆ. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕೇಳೋದು ನನ್ನನ್ನೇ ತಾನೆ," ಎನ್ನುತ್ತಿದ್ದ. ಹೆಚ್ಚುಕಮ್ಮಿ ಆಗಲಿಲ್ಲ. ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ಅವಳು ಮೇಲಿರುವಷ್ಟು ಹೊತ್ತು ಮೇಸ್ತ್ರಿ ಕೆಳಗೆ ಮನೆಯವರ ಜೊತೆ ಟೀ ಕುಡಿಯುತ್ತ ಗಾಳಿಯ ಗುಣಾವಗುಣ ವಿವರಿಸುತ್ತಿದ್ದ. ಮಾತಿನಲ್ಲಿ ಅವನನ್ನು ಮೀರಿಸುವವರಿಲ್ಲ. ಅವಳು ತಲೆ, ರೆಪ್ಪೆ ಎಲ್ಲ ಬೂದಿಯಾಗಿ ಇಳಿದಾಗ ಮನೆಯೊಡತಿ ಮೇಸ್ತ್ರಿಗೆ ಥ್ಯಾಂಕ್ಸ್ ಹೇಳಿ, ಅವಳ ಕಡೆ ತಿರುಗಿ, "ಅಮ್ಮಾ, ಕೆಳಗೆ ಉದುರಿರೋದನ್ನ ಸ್ವಲ್ಪ ಗುಡಿಸಿಬಿಡಿ" ಎನ್ನುತ್ತಿದ್ದಳು. ಸಣ್ಣಕ್ಕ ಗುಡಿಸುತ್ತಿದ್ದಳು. ಮನೆಗೆ ಹೋದ ಮೇಲೆ ಮೊದಲ ಸ್ನಾನ ಮೇಸ್ತ್ರಿಯದು, ದಣಿದಿರುತ್ತಾನಲ್ಲ. ಅವನು ಹೊರಬರುವಷ್ಟರಲ್ಲಿ ಅಡುಗೆ ಆಗಿರಬೇಕು. ಕಿವಿಯೊಳಗಿನ ಧೂಳು ತೊಳೆಯಲು ಅವಳಿಗೆ ಪುರಸೊತ್ತು ಸಿಗುತ್ತಿದ್ದದ್ದು ಪಾತ್ರೆ ಬೆಳಗಿದ ಮೇಲೆ.

ಹೀಗೇ ನಡೆದುಹೋಗುತ್ತಿತ್ತೇನೋ. ಮೇಸ್ತ್ರಿಗೆ ಮಂಡಿನೋವು ಬಂತು. ಏಣಿಯ ಬುಡದಲ್ಲಿ ನಿಂತು ನಿಂತು ಬಂದದ್ದು. ಒಂದು ದಿನ ಊಟಕ್ಕೆ ಕೂತವನು ತಟ್ಟೆ ನೋಡುತ್ತಲೇ ಹೇಳಿದ, "ಇನ್ನು ಸಾಕು. ಎಲ್ಲಾನೂ ತಮ್ಮನಿಗೆ ವಹಿಸಿಬಿಡ್ತೀನಿ. ನೀನೂ ಇನ್ಮೇಲೆ ಆರಾಮಾಗಿ ಮನೇಲಿರು."

"ನಾನ್ಯಾಕೆ ಬಿಡ್ಲಿ? ನನ್ನ ಮಂಡಿ ಚೆನ್ನಾಗೇ ಇದೆ."

"ತಮ್ಮ ಆಳು ಇಟ್ಕೋತಾನೆ ಬಿಡು."

"ಹಾಗಾದ್ರೆ ನಾನೇ ಬೇರೆ ಮಾಡ್ತೀನಿ. ನನ್ನ ಹೆಸರಲ್ಲಿ ಲೈಸೆನ್ಸ್ ಕಾರ್ಡ್ ಮಾಡಿಸ್ಕೋತೀನಿ."

ಮೇಸ್ತ್ರಿ ನಕ್ಕ. ಅವಳು ನಗಲಿಲ್ಲ. ಮನೆಯ ಆರಾಮು ಎಂಥದೆಂದು ಅವಳಿಗೆ ಗೊತ್ತಿತ್ತು. ಚಾವಣಿಯೊಳಗೆ ಕತ್ತಲಿತ್ತು, ಸೆಖೆಯಿತ್ತು, ಸತ್ತ ಜಿರಳೆಗಳಿದ್ದವು, ಆದರೆ ಅಲ್ಲಿ ಮುಚ್ಚಿದ ಸಂದಿ ಮುಚ್ಚಿಯೇ ಇರುತ್ತಿತ್ತು. ಮನೆಯಲ್ಲಿ ಬೆಳಿಗ್ಗೆ ಒರೆಸಿದ್ದು ಸಂಜೆಗೆ ಮತ್ತೆ ಕೊಳೆ, ತಿಕ್ಕಿದ ಪಾತ್ರೆ ಮತ್ತೆ ಎಂಜಲು. ಹದಿನೆಂಟು ವರ್ಷ ಎರಡನ್ನೂ ಮಾಡಿದವಳಿಗೆ ಯಾವುದು ಕೆಲಸ, ಯಾವುದು ಬರೀ ದುಡಿತ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾರ್ಡ್ ಕೊಡುವ ಕಚೇರಿಗೆ ತಾನೇ ಹೋಗಿ ವಿಚಾರಿಸಿ ಬಂದಳು. ಬೇಕಾದದ್ದು ಒಂದೇ ಕಾಗದ. ಕಾರ್ಡ್ ಇರುವ ಮೇಸ್ತ್ರಿಯೊಬ್ಬ, ಇವಳು ಹತ್ತು ವರ್ಷ ಸ್ವಂತ ಕೈಯಿಂದ ಡಕ್ಟ್ ರಿಪೇರಿ ಮಾಡಿದ್ದಾಳೆ ಎಂದು ಬರೆದು ಸಹಿ ಹಾಕಿಕೊಡಬೇಕು. ಅವಳು ದುಡಿದದ್ದೆಲ್ಲ ಒಬ್ಬನೇ ಮೇಸ್ತ್ರಿಯ ಕೈಕೆಳಗೆ.

"ಬರ್ಕೊಡ್ತೀನಿ. ಅದಕ್ಕೇನಂತೆ," ಅಂದ ಅವನು. "ಈ ಸನ್ಮಾನ ಒಂದು ಮುಗೀಲಿ."

ಸನ್ಮಾನ ಕಸುಬಿನವರ ಸಂಘದ್ದು. ಹಳೆಯ ಕಟ್ಟಡವೊಂದರ ಡಕ್ಟುಗಳನ್ನು ಬದಲಾಯಿಸಲು ಕೆಳಗಿಳಿಸಿದಾಗ ಹನ್ನೆರಡು ವರ್ಷದ ಹಿಂದಿನ ಸಂದಿಗಳು ನಿನ್ನೆ ಬಳಿದಂತೆ ಇದ್ದವಂತೆ. ಮುಂಬದಿ ಹೇಗೋ ಹಿಂಬದಿಯೂ ಹಾಗೇ. ಗುತ್ತಿಗೆದಾರ ಬೆರಗಾಗಿ, ಮೇಸ್ತ್ರಿಯ ಅಕ್ಷರವಿದ್ದ ಒಂದು ಸಂದಿಯನ್ನು ಗೇಣುದ್ದ ಕತ್ತರಿಸಿ ಸಂಘಕ್ಕೆ ಕೊಟ್ಟ. ಸಂಘದವರು ಅದನ್ನು ಪಾಲಿಶ್ ಮಾಡಿದ ಹಲಗೆಗೆ ಬಡಿದು, ಅಡಿಗೆ ಹಿತ್ತಾಳೆಯ ಪಟ್ಟಿ ಹಾಕಿಸಿ, ಫಲಕ ಮಾಡಿದರು.

ಸಭೆಯಲ್ಲಿ ಸಣ್ಣಕ್ಕ ಮೂರನೇ ಸಾಲಿನಲ್ಲಿ ಕೂತಿದ್ದಳು. ಅಧ್ಯಕ್ಷರು ಫಲಕವನ್ನು ಎತ್ತಿ ಸಭೆಗೆ ತೋರಿಸಿದಾಗ ಅವಳಿಗೆ ಅಷ್ಟು ದೂರದಿಂದಲೂ ಕಂಡಿತು: ಎರಡು ಗೀರು, ಖಾಲಿ, ಒಂದು ಗೀರು. "ಈ ಕೈ ನೋಡಿ. ಹಿಂಬದಿಗೂ ಹೋದ ಕೈ ಇದು," ಎಂದರು ಅಧ್ಯಕ್ಷರು. ಅವಳು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಈಗ ಹೇಳುತ್ತಾನೆ ಅಂದುಕೊಂಡಳು. ಮೈಕು ಹಿಡಿದ ಮೇಸ್ತ್ರಿ ಕಸುಬಿನ ನಿಯತ್ತಿನ ಬಗ್ಗೆ ಹೇಳಿದ, ಇಂದಿನವರ ಅವಸರದ ಬಗ್ಗೆ ಹೇಳಿದ, ಕೊನೆಯಲ್ಲಿ ಗಂಟಲು ಸರಿಮಾಡಿಕೊಂಡು, "ಇನ್ನೊಬ್ಬರನ್ನ ನೆನೀಲೇಬೇಕು. ಹದಿನೆಂಟು ವರ್ಷ ಹೊತ್ತಿಗೆ ಸರಿಯಾಗಿ ಡಬ್ಬಿ ತಂದುಕೊಟ್ಟವಳು ನನ್ನ ಹೆಂಡತಿ," ಅಂದ. ಜನ ಚಪ್ಪಾಳೆ ತಟ್ಟಿದರು. ಪಕ್ಕದವರು ಏಳಿ ಏಳಿ ಎಂದು ಮೊಣಕೈ ತಿವಿದರು. ಅವಳು ಎದ್ದು ನಿಂತು, ಕೂತಳು.

ಫಲಕ ನಡುಮನೆಯ ಗೋಡೆ ಏರಿತು, ಕುರ್ಚಿಯಲ್ಲಿ ಕೂತವರ ಕಣ್ಣೆತ್ತರಕ್ಕೆ. ಅದಕ್ಕೆ ಬಹಳ ಧೂಳು ಕೂರುತ್ತಿತ್ತು. ಒರೆಸುವವಳು ಅವಳೇ.

ವಾರ ಬಿಟ್ಟು ಕಾಗದ, ಪೆನ್ನು ತಂದು ಮುಂದಿಟ್ಟಳು. ಮೇಸ್ತ್ರಿ ಎರಡು ಸಾಲು ಬರೆದು ಕೊಟ್ಟ. ಓದಿದಳು.

"ಜೊತೆಗಿದ್ದು ಸಹಾಯ ಮಾಡಿರುತ್ತಾಳೆ ಅಂತ ಬರೆದಿದ್ದೀರಲ್ಲ. ಸ್ವಂತ ಕೈಯಿಂದ ಅಂತ ಬರೀಬೇಕು."

"ಎರಡೂ ಒಂದೇ."

"ಒಂದೇ ಆದ್ರೆ ನಾನು ಹೇಳಿದ್ದನ್ನೇ ಬರೀರಿ."

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ನೋಡು, ನಾನು ಸುಳ್ಳು ಹೇಳಲ್ಲ. ನೀನು ಮಾಡಿದ್ದೀಯ, ನನಗೆ ಗೊತ್ತು. ಆದ್ರೆ ಹಾಗಂತ ಬರೆದು ಸಹಿ ಹಾಕಿದ್ರೆ ಆ ಫಲಕ ಯಾರ್ದಾಗುತ್ತೆ? ಮೊನ್ನೆ ತಾನೆ ಅಷ್ಟು ಜನದ ಮುಂದೆ ಇಸ್ಕೊಂಡು ಬಂದಿದ್ದೀನಿ. ನನ್ನ ಮುಖ ಎಲ್ಲಿಟ್ಕೊಳ್ಲಿ?"

"ನನ್ನ ಮುಖ?"

"ನಿನ್ನ ಮುಖ ಯಾರು ನೋಡಿದ್ದಾರೆ, ಮೇಲಿತ್ತಲ್ಲ," ಅಂದುಬಿಟ್ಟ. ತಮಾಷೆಗೆ ಅಂದದ್ದು. ಅಂದ ಮೇಲೆ ಅವನಿಗೂ ರುಚಿಸಲಿಲ್ಲ, ಎದ್ದು ಹೋದ.

ಕಚೇರಿಯ ಕೌಂಟರಿನಲ್ಲಿದ್ದ ಹೆಂಗಸು ಕಾಗದ ಓದಿ ವಾಪಸು ತಳ್ಳಿದಳು. "ಸಹಾಯ ಮಾಡಿದವರಿಗೆ ಕಾರ್ಡ್ ಇಲ್ಲಮ್ಮ. ಇನ್ನೊಂದು ಸಲ ಬರೆಸ್ಕೊಂಡು ಬನ್ನಿ. ಈ ಮೇಸ್ತ್ರಿ ಸಿಗ್ತಾರೆ ತಾನೆ?"

"ಸಿಗ್ತಾರೆ. ನಮ್ಮನೆಯವರೇ."

"ಅಯ್ಯೋ, ಹಾಗಾದ್ರೆ ಸುಲಭ ಆಯ್ತಲ್ಲ," ಅಂದಳು ಆಕೆ, ನಿಜವಾಗಿಯೂ ಸಂತೋಷಪಟ್ಟು.

ಆ ತಿಂಗಳಲ್ಲೇ ಮೈದುನ ತನ್ನ ಕಾರ್ಡಿನ ಮೇಲೆ ಒಂದು ದೊಡ್ಡ ಕೆಲಸ ಹಿಡಿದ. ಇಪ್ಪತ್ತು ಫ್ಲ್ಯಾಟಿನ ಕಟ್ಟಡ. ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷೆ, ವಯಸ್ಸಾದ ಗಟ್ಟಿಗಿತ್ತಿ, ಮಾತು ಮುಗಿಸಲು ಮನೆಗೇ ಬಂದಳು. ಮೇಸ್ತ್ರಿ, ಮೈದುನ ಇಬ್ಬರೂ ಕೂತಿದ್ದರು. ಆಕೆ ಕನ್ನಡಕ ಏರಿಸಿ ಫಲಕವನ್ನು ಹತ್ತಿರದಿಂದ ನೋಡಿದಳು, ಗೀರಿನ ಮೇಲೆ ಬೆರಳಿಟ್ಟಳು.

"ಎಷ್ಟು ಸಣ್ಣ ಬೆರಳು ಮೇಸ್ತ್ರಿಗಳೇ. ನಿಮ್ಮ ಕೈ ನೋಡಿದ್ರೆ ಹಾಗನ್ಸಲ್ಲ."

"ಲೇಪ ಒಣಗಿದಾಗ ಕುಗ್ಗುತ್ತಮ್ಮ," ಅಂದ ಮೇಸ್ತ್ರಿ.

ಸಣ್ಣಕ್ಕ ಟೀ ತಂದಿದ್ದಳು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, ಬಲಗೈ ಚಾಚಿ, ಬೆರಳುಗಳನ್ನು ಗೀರುಗಳಲ್ಲಿ ಇಟ್ಟಳು. ಎರಡು ಕೂತವು. ಮಡಿಚಿದ ಬೆರಳು ಖಾಲಿ ಜಾಗದ ಮೇಲೆ ನಿಂತಿತು. ಕಿರುಬೆರಳು ಕೂತಿತು. "ಇದು ಕುಗ್ಗೋ ಲೇಪ ಅಲ್ಲಮ್ಮ," ಅಂದಳು.

ಮೈದುನ ಟೀಯೊಳಗೆ ಏನೋ ಬಿದ್ದಿದೆ ಎಂಬಂತೆ ಲೋಟ ನೋಡಿಕೊಂಡ. ಮೇಸ್ತ್ರಿ, "ಟೀ ಆರ್ತಾ ಇದೆ," ಅಂದ.

ಅಧ್ಯಕ್ಷೆ ಆ ಕೈಯನ್ನು ನೋಡಿದಳು, ಗಂಡಸರಿಬ್ಬರನ್ನು ನೋಡಿದಳು. ಎಲ್ಲವೂ ಅರ್ಥವಾಯಿತು. ಮನೆ ನಡೆಸಿದ ಹೆಂಗಸಿಗೆ ಅರ್ಥವಾಗದೆ ಇರುತ್ತದೆಯೇ. "ನಿಮ್ಮ ಹತ್ರ ಕಾರ್ಡ್ ಇದೆಯೇನಮ್ಮ?" ಎಂದು ಕೇಳಿದಳು.

"ಇಲ್ಲ."

"ನಮ್ಮ ಸಂಘದ ನಿಯಮ ಹಾಗಿದೆ, ಕಾರ್ಡ್ ಇದ್ದವರೇ ಸಹಿ ಹಾಕಬೇಕು," ಎಂದು ಆಕೆ ಮೆತ್ತಗೆ ಹೇಳಿ, ಮೈದುನನ ಕಡೆ ಕಾಗದ ಸರಿಸಿದಳು. ಟೀ ಚೆನ್ನಾಗಿದೆ ಎಂದು ಮಾತ್ರ ಎರಡು ಸಲ ಹೇಳಿದಳು.

ಆಕೆ ಹೋದ ಮೇಲೆ ಮೈದುನ ಬಾಗಿಲ ಬಳಿ ನಿಂತು ತಲೆ ಕೆರೆದುಕೊಂಡ. "ಅತ್ತಿಗೆ, ಸೋಮವಾರ ಎಂಟಕ್ಕೆ ಬಂದುಬಿಡಿ. ಆಳು ಇನ್ನೂ ಸಿಕ್ಕಿಲ್ಲ. ಇದೊಂದ್ಸಲ."

ಸಣ್ಣಕ್ಕ ಆ ಮಾತನ್ನು ಎಲ್ಲಿ ಕೇಳಿದ್ದೆನೆಂದು ನೆನಪಿಸಿಕೊಳ್ಳಬೇಕಾಗಲಿಲ್ಲ.

"ಒಂದು ಸಣ್ಣ ವಿಷಯ," ಎಂದು ಅವನು ಮುಂದುವರಿಸಿದ, "ಈ ಸಲ ಅಣ್ಣನ ಅಕ್ಷರ ಹಾಕ್ಬೇಡಿ. ನನ್ನದು ಹಾಕಿ. ಕೆಲಸ ನನ್ನ ಹೆಸರಲ್ಲಿದೆಯಲ್ಲ."

"ನಿಮ್ಮಣ್ಣ ಪತ್ರ ಬರೀಲಿ, ಬರ್ತೀನಿ. ಬರೆಯೋವರೆಗೆ ಬರಲ್ಲ."

ಮೈದುನ ಅಣ್ಣನ ಮುಖ ನೋಡಿದ. ಅಣ್ಣ ಮಂಡಿ ನೀವಿಕೊಳ್ಳುತ್ತಿದ್ದ. "ಮನೆಯೊಳಗಿನ ಮಾತನ್ನ ಬೀದಿಗೆ ತಂದಿದ್ದೂ ಆಯ್ತು, ಈಗ ಹಠ ಬೇರೆ," ಎಂದು ನೆಲಕ್ಕೆ ಹೇಳಿದ.

ಸೋಮವಾರ ಮೈದುನ ತಾನೇ ಹತ್ತಿದನಂತೆ. ತಲೆ, ಒಂದು ತೋಳು ಒಳಗೆ ಹೋದವು, ಉಳಿದದ್ದು ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕಾವಲುಗಾರ ಬಂದು ಕಾಲು ಹಿಡಿದೆಳೆದ. ಮಧ್ಯಾಹ್ನದ ಹೊತ್ತಿಗೆ ಆ ಕೆಲಸ ಬೇರೆಯವರ ಪಾಲಾಯಿತು. ಅವರು ಹಿಂಬದಿ ಮುಟ್ಟದೆ ಬರೀ ಟೇಪು ಸುತ್ತಿ ಹೋಗುವವರು ಎಂದು ಸಣ್ಣಕ್ಕನಿಗೆ ಗೊತ್ತಿತ್ತು. ಇಪ್ಪತ್ತು ಮನೆಯ ಸಂದಿಗಳು ಅವಳ ಮುಂಗೈಯಲ್ಲಿ ಇಡೀ ದಿನ ತಣ್ಣಗೆ ನವೆಯಾದವು. ಮೈದುನ ಬಂದು ಭುಜದ ತರಚು ಗಾಯ ತೋರಿಸಿ, ಅತ್ತಿಗೆಯ ಹಠದಿಂದ ಮನೆತನದ ಹೆಸರು ಹೋಯಿತು ಅಂದ. ಅವಳು ಗಾಯಕ್ಕೆ ಮುಲಾಮು ಕೊಟ್ಟಳು. ಅಡುಗೆ ಮಾಡಿದಳು, ಇಬ್ಬರಿಗೂ ಬಡಿಸಿದಳು. ಒಂದನ್ನು ಮಾತ್ರ ಬಿಟ್ಟಳು, ಫಲಕ ಒರೆಸುವುದನ್ನು.

ಹತ್ತು ದಿನಕ್ಕೆ ಲೇಪದ ಮೇಲೆ ಧೂಳು ಕೂತಿತು. ಗೀರುಗಳಲ್ಲಿ ಇನ್ನೂ ದಟ್ಟವಾಗಿ ಕೂತಿತು. ಮಾಸಲು ಬೂದಿಯ ನಡುವೆ ಮೂರು ಕಪ್ಪು ಬೆರಳು ಎದ್ದು ಕಾಣತೊಡಗಿದವು. ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಿದ್ದರು, ಆಮೇಲೆ ಮೇಸ್ತ್ರಿಯ ಕೈಯನ್ನು.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಕೆಲಸದ ಏಣಿ ತಂದು ಬಾಗಿಲಿಗೆ ಆನಿಸಿದ. ಫಲಕವನ್ನು ಬಾಗಿಲ ಮೇಲ್ಗಡೆ, ಸೂರಿಗೆ ತಾಗುವ ಹಾಗೆ ಹಾಕಬೇಕಂತೆ. ಮೂರನೇ ಮೆಟ್ಟಿಲಿಗೆ ಅವನ ಮಂಡಿ ನಡುಗಿತು. "ಏಯ್, ಬಾ ಇಲ್ಲಿ. ಏಣಿ ಹಿಡ್ಕೋ."

ಅವಳು ಕೈ ಒರೆಸಿಕೊಂಡು ಬಂದು ಹಿಡಿದಳು. "ಸಹಾಯಕ್ಕೆ ತಾನೆ," ಅಂದಳು.

ಅವನು ಮೊಳೆ ಬಡಿದ. ಗಾರೆಯ ಪುಡಿ ಅವಳ ತಲೆ, ರೆಪ್ಪೆಯ ಮೇಲೆ ಉದುರಿತು. ಫಲಕ ತೂಗುಹಾಕಿ ಕೇಳಿದ, "ನೆಟ್ಟಗಿದೆಯಾ?"

ಅವಳು ಕತ್ತೆತ್ತಿ ನೋಡಿದಳು. ಸೂರಿನ ನೆರಳಿನಲ್ಲಿ, ಅಷ್ಟು ಕೆಳಗಿನಿಂದ ಬೆರಳಿನ ಗೀರು ಕಾಣುತ್ತಿರಲಿಲ್ಲ. ಅವಳೇ ದಪ್ಪಗೆ ಬರೆದ ಅವನ ಎರಡು ಅಕ್ಷರ ಮಾತ್ರ ಕಾಣುತ್ತಿತ್ತು.

"ನೆಟ್ಟಗಿದೆ," ಅಂದಳು. ಅವನ ಎರಡೂ ಪಾದ ನೆಲ ಮುಟ್ಟುವವರೆಗೆ ಏಣಿ ಬಿಡಲಿಲ್ಲ. ಆಮೇಲೆ ಒರೆಸುವ ಬಟ್ಟೆಯನ್ನು ಅವನ ಕೈಗೆ ಕೊಟ್ಟಳು. "ಇನ್ಮೇಲೆ ಅದರ ಧೂಳು ನೀವೇ ತೆಗೀಬೇಕು. ಅಷ್ಟು ಎತ್ತರ ನನಗೆ ಎಟುಕಲ್ಲ," ಅಂದಳು, ಹದಿನೆಂಟು ವರ್ಷ ಚಾವಣಿಯೊಳಗೇ ಇದ್ದವಳು. ಉದುರಿದ ಗಾರೆಯನ್ನು ಗುಡಿಸದೆ ದಾಟಿಕೊಂಡು ಒಳಗೆ ಹೋದಳು.