ಸಿಪ್ಪೆ ಡಾಕ್ಟರು
ಸುಳ್ಳು ಅಂತ ಮೂಗು ಮುರೀಬೇಡ ಕಣಯ್ಯಾ! ಸಿಪ್ಪೆ ಡಾಕ್ಟರು ಸಾಕಿದ ಇಲಿ ಕಂಬಿ ಹಿಡಿದು ಎಳೆದ ರಭಸಕ್ಕೆ ಬಲ ಅಳೆಯುವ ಯಂತ್ರ, ಅದರ ಮೇಜು, ಮೇಜಿಗೆ ಒರಗಿದ್ದ ಡಾಕ್ಟರು ಎಲ್ಲರೂ ಬಾಗಿಲವರೆಗೆ ಮೆರವಣಿಗೆ ಹೋಗಿದ್ದು ನಿಜ. ಸವೆದುಹೋಗುವ ಸ್ನಾಯುವಿಗೆ ಗಿಡಗಳಲ್ಲೇ ಮದ್ದು ಹುಡುಕುವುದು ಅವರ ಕೆಲಸ. ಮನೆಗೆ ಬಂದವರಿಗೆ ಸೇಬು ಹೆಚ್ಚಿಕೊಟ್ಟು, "ತಿರುಳು ನೀವು ತಿನ್ನಿ, ಸಿಪ್ಪೆ ನಮ್ಮ ಇಲಿಗಳಿಗಿರಲಿ" ಎಂದು ಬಾಚಿಕೊಂಡು, ಅದರ ರಸ ತೆಗೆದು ಸೀಸೆಗೆ ತುಂಬುತ್ತಾರೆ; ಇಲಿಗೆ ಅಷ್ಟು ಬಲ ಬಂದದ್ದು ಅದನ್ನು ಕುಡಿದೇ. ಕೈ ಕುಲುಕಿದರೆ ಸುಲಭಕ್ಕೆ ಬಿಡುವವರಲ್ಲ. ಹಿಡಿತ ನೋಡಿ, "ನಿಮ್ಮ ಹೆಬ್ಬೆರಳು ಸ್ವಲ್ಪ ಸೋಮಾರಿ" ಎಂದು ತೀರ್ಪು ಕೊಟ್ಟೇ ಬಿಡುವುದು. ಆದರೆ ಪಕ್ಕದ ಮನೆಯ ದರ್ಜಿ, "ಆ ರಸ ನನಗೂ ಒಂದು ಗುಟುಕು ಕೊಡಿ ಸಾರ್, ಗಾಮಾ ಪೈಲ್ವಾನನಾದ್ರೂ ಆಗ್ತೀನಿ" ಎಂದರೆ ಸಾಕು, ಸೀಸೆಯನ್ನು ಕೂಸಿನಂತೆ ಎದೆಗವಚಿಕೊಂಡು, "ಇಲಿಗೆ ಒಗ್ಗಿದೆ, ಮನುಷ್ಯರಿಗೆ ಇನ್ನೂ ಗೊತ್ತಿಲ್ಲ" ಎನ್ನುತ್ತಾರೆ. ಅದೇ ಮಾತನ್ನು ಹೆಂಡತಿಗೂ ಹೇಳಿದ್ದಾರೆ. ಆಕೆಯ ತೋಳುಗಳು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿವೆ. ಖಾತ್ರಿಯಿಲ್ಲದ್ದನ್ನು ಆಕೆಗೆ ಕುಡಿಸಲು ಡಾಕ್ಟರಿಗೆ ಧೈರ್ಯವಿಲ್ಲ, ಸುಮ್ಮನೆ ಕೂರಲೂ ಜೀವ ಒಪ್ಪುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಆಕೆ ಏಳುವ ಮುಂಚೆ ಬೆಕ್ಕಿನ ಹೆಜ್ಜೆ ಇಟ್ಟು ಅಡುಗೆಮನೆಗೆ ಹೋಗಿ, ಡಬ್ಬಿಗಳ ಮುಚ್ಚಳವನ್ನೆಲ್ಲ ಒಂದಿಷ್ಟು ಸಡಿಲಿಸಿ, ಏನೂ ಅರಿಯದವರಂತೆ ಬಂದು ಮಲಗುತ್ತಾರೆ. ಆಕೆ ಸಲೀಸಾಗಿ ಡಬ್ಬಿ ತೆರೆದ ಸದ್ದು ಕೇಳಿದರೆ ಹೊದಿಕೆಯೊಳಗೇ ಅವರ ಮುಖ ಅರಳುತ್ತದೆ. ತಮ್ಮ ಈ ಕಳ್ಳತನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದೇ ಅವರ ನಂಬಿಕೆ. ಇವತ್ತು ಮಧ್ಯಾಹ್ನ ಒಳಗಿನಿಂದ ಕೂಗು ಬಂತು: "ರೀ, ಊಟಕ್ಕೆ ಬನ್ನಿ! ನಾಳೆಯಿಂದ ಮುಚ್ಚಳ ಇಷ್ಟೊಂದು ಸಡಿಲ ಮಾಡ್ಬೇಡಿ, ಸಕ್ಕರೆಗೆ ಇರುವೆ ಹತ್ತಿದೆ."