ದೊಡ್ಡಮ್ಮನ ಮಾತು ಸ್ಟೋರಿನಲ್ಲಿ ಸಿಗುವುದಿಲ್ಲ

ಮೊನ್ನೆ ಬೆಳಿಗ್ಗೆ ನನ್ನ ವಾಟ್ಸಾಪಿಗೆ ಒಂದು ಮದುವೆಯ ಕರೆಯೋಲೆ ಬಂತು. ಕಳಿಸಿದವರು ಕಾಪುವಿನ ಸುಧಾಕರ ಭಾವ. "ನಮ್ಮ ಮನೆಯ ಶುಭಕಾರ್ಯಕ್ಕೆ ಸಕುಟುಂಬ ಬರಬೇಕು" ಎಂಬ ಒಂದು ಸಾಲು, ಅದರ ಕೆಳಗೆ ತೆರೆದು ನೋಡಲು ಒಂದು ಫೈಲು.

ಸಂತೋಷವೇ. ಆದರೆ ಒಂದು ಸಣ್ಣ ತೊಂದರೆ. ಭಾವನ ಮನೆಯಲ್ಲಿ ಮದುವೆಯಾಗುವವರು ಯಾರೂ ಇಲ್ಲ. ಇರುವ ಒಬ್ಬಳೇ ಮಗಳು ಒಂಬತ್ತನೇ ಕ್ಲಾಸು. ಉಳಿದವರು ಮೂವರು: ಭಾವ, ಅವರ ಹೆಂಡತಿ ಸುಮಕ್ಕ, ಸುಮಕ್ಕನ ಅಮ್ಮ. ಈ ಅಮ್ಮ ನನಗೆ ದೊಡ್ಡಮ್ಮ. ವಯಸ್ಸು ಎಂಬತ್ತರ ಹತ್ತಿರ. ಹಾಗಾದರೆ ಮದುಮಗಳು ಯಾರು?

ಫೋನ್ ಮಾಡಿ ಅದನ್ನೇ ಕೇಳಿದೆ.

"ನೀನೊಬ್ಬಳು ಬಾಕಿ ಇದ್ದೆ ಮಾರಾಯ್ತಿ" ಎಂದರು ಭಾವ, ಅಳುವುದೊಂದು ಬಾಕಿ. "ಅದನ್ನು ತೆರೆಯಬೇಡ. ಅದು ನಾನು ಕಳಿಸಿದ್ದಲ್ಲ. ಅದರಲ್ಲಿ ವೈರಸ್ ಉಂಟು."

(ನಮ್ಮ ಮನೆಯ ಮಾತೆಲ್ಲ ತುಳುವಿನಲ್ಲೇ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.)

ಆದದ್ದಿಷ್ಟು. ಕುಕ್ಕುಂದೂರಿನ ಸಂಬಂಧಿಯೊಬ್ಬರ ನಂಬರಿನಿಂದ ಭಾವನಿಗೆ ಇಂಥದೇ ಕರೆಯೋಲೆ ಬಂದಿತ್ತು. ಅದು ಫೋಟೋವೂ ಅಲ್ಲ, ಪಿಡಿಎಫ್ಫೂ ಅಲ್ಲ, ಒಂದು ಆಪ್. ಒತ್ತಿದ ಕೂಡಲೇ ಫೋನು "ಇದು ನಮ್ಮ ಆಪ್ ಸ್ಟೋರಿನದ್ದಲ್ಲ, ಬೇಡ" ಎಂದಿತು. ಭಾವ ಸೆಟ್ಟಿಂಗ್ಸಿಗೆ ಹೋಗಿ ಅನುಮತಿ ಕೊಟ್ಟರು. ಫೋನು ಮತ್ತೊಮ್ಮೆ ಕೇಳಿತು. ಭಾವ ಮತ್ತೊಮ್ಮೆ ಕೊಟ್ಟರು. ಕೊನೆಗೆ ಫೋನು ಕೆಂಪು ಗುರುತು ತೋರಿಸಿ ಬೊಬ್ಬೆ ಹೊಡೆಯಿತು. ಭಾವ "ಆದರೂ ಹಾಕು" ಎಂದು ಒತ್ತಿಯೇ ಬಿಟ್ಟರು. ಅಲ್ಲಿಗೆ ಇಡೀ ಫೋನು ಕಳ್ಳನ ಕೈಗೆ ಹೋಯಿತು.

"ಅಷ್ಟು ಹೇಳಿದ ಮೇಲೂ ಯಾಕೆ ಒತ್ತಿದ್ದು ಭಾವ?"

"ಕರೆಯೋಲೆ ಅಲ್ವಾ? ಬಂದದ್ದನ್ನು ತೆರೆಯದೆ ಬಿಟ್ಟರೆ ಅವರು ಎಂತ ಗ್ರಹಿಸಿಯಾರು?"

ನೀವು ನಗಬಹುದು. ನಾನು ನಗಲಿಲ್ಲ. ನಮ್ಮ ಕಡೆ ಕರೆಯೋಲೆಯ ವಿಷಯ ಅಷ್ಟು ಸುಲಭದ್ದಲ್ಲ. ಮನೆಗೆ ಬಂದು, ಕುಳಿತು, ನೀರು ಬೆಲ್ಲ ತೆಗೆದುಕೊಂಡು, ಕಾಗದ ಕೈಯಲ್ಲಿಟ್ಟು, ಅದರ ಮೇಲೆ ಬಾಯಲ್ಲೂ ಹೇಳಬೇಕು. ಒಂದು ಮನೆ ಬಿಟ್ಟುಹೋದರೆ ಆ ಕತೆ ಮೊಮ್ಮಕ್ಕಳ ಮದುವೆಯವರೆಗೂ ನಡೆಯುತ್ತದೆ. ಕರೆಯುವುದು ಹೇಗೆ ಮರ್ಯಾದೆಯೋ, ಕರೆದದ್ದನ್ನು ನೋಡುವುದೂ ಹಾಗೆಯೇ. ಮೋಸ ಮಾಡುವವನಿಗೆ ಇದನ್ನು ಯಾರು ಹೇಳಿಕೊಟ್ಟರೋ! ಲಾಟರಿ ಬಂದಿದೆ ಎಂದಿದ್ದರೆ ಭಾವ ಮೂಸಿಯೂ ನೋಡುತ್ತಿರಲಿಲ್ಲ.

ಬ್ಯಾಂಕಿಗೆ ಓಡಿ ಎಲ್ಲ ನಿಲ್ಲಿಸಿದ್ದರಿಂದ ದುಡ್ಡು ಉಳಿಯಿತು. ಮಾನ ಮಾತ್ರ ಊರೂರು ಸುತ್ತಿತು. ಭಾವನ ಫೋನಿನಲ್ಲಿದ್ದ ಸಕಲರಿಗೂ ಕರೆಯೋಲೆ ಹೋಗಿತ್ತಲ್ಲ? ನೆಂಟರಿಗೆ, ಗ್ಯಾಸಿನವನಿಗೆ, ಮಗಳ ಹೆಡ್‌ಮಾಸ್ಟರಿಗೆ. ಇಡೀ ದಿನ ಭಾವ ಒಬ್ಬೊಬ್ಬರಿಗೇ ಫೋನ್ ಮಾಡಿ ಮದುವೆ ಇಲ್ಲ, ಮದುವೆ ಇಲ್ಲ ಎಂದು ಕ್ಷಮೆ ಕೇಳಿದರು. ಹೆಜಮಾಡಿಯ ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು: "ವೈರಸ್ಸೇ ಆಗಲಿ ಸುಧಾಕರ, ಮನೆಗೆ ಬಂದು ಕರೆಯಬಹುದಿತ್ತು."

ಇಲ್ಲಿಗೆ ಮುಗಿದಿದ್ದರೆ ಇದು ಬರೀ ನಗೆಯ ಕತೆ. ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಉತ್ಸಾಹ ಇದೆಯಲ್ಲ, ಅದು ಭಾವನಿಗೆ ಬಂತು. ಮನೆಯಲ್ಲಿದ್ದ ಫೋನು, ಟ್ಯಾಬು ಎಲ್ಲವನ್ನೂ ಚೀಲಕ್ಕೆ ತುಂಬಿ ಪೇಟೆಯ ಮೊಬೈಲ್ ಅಂಗಡಿಗೆ ಒಯ್ದರು. "ಸ್ಟೋರಿನಿಂದ ಬಂದದ್ದು ಮಾತ್ರ ಇರಲಿ. ಹೊರಗಿನದ್ದು ಒಂದೂ ಬೇಡ" ಎಂದರು. ಅಂಗಡಿಯವನು ಎಲ್ಲ ಗುಡಿಸಿ ಹಾಕಿ, ಇನ್ನು ಮುಂದೆ ಯಾರೂ ಹೊರಗಿನದ್ದನ್ನು ಹಾಕದಂತೆ ಬೀಗ ಜಡಿದು ಕೊಟ್ಟ. ಪಾಸ್‌ವರ್ಡು ಭಾವನ ಹತ್ತಿರ ಮಾತ್ರ.

ಆ ಚೀಲದಲ್ಲಿ ದೊಡ್ಡಮ್ಮನ ಟ್ಯಾಬೂ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ದೊಡ್ಡಮ್ಮನ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು. ಬುದ್ಧಿ ಮಾತ್ರ ಮೊದಲಿನ ಹಾಗೇ ಚುರುಕು. ಯಾರ ಮನೆಯಲ್ಲಿ ಎಂತ ನಡೆಯಿತು, ಯಾರು ಸುಳ್ಳು ಹೇಳುತ್ತಿದ್ದಾರೆ, ಸಾರಿಗೆ ಹುಳಿ ಹೆಚ್ಚಾಯಿತೋ ಕಡಿಮೆಯಾಯಿತೋ, ಎಲ್ಲ ಗೊತ್ತು. ಹೇಳಲು ಬಾಯಿ ಇಲ್ಲ. ಜೀವಮಾನವಿಡೀ ಮಾತಿನಲ್ಲೇ ಮನೆ ಆಳಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ?

ಆಗ ಮಣಿಪಾಲದಲ್ಲಿ ಸ್ಪೀಚ್ ಥೆರಪಿ ಕಲಿಯುತ್ತಿದ್ದ ರೇಣುಕಾ ಎಂಬ ಹುಡುಗಿ ಸಿಕ್ಕಿದಳು. ಬಾಗಲಕೋಟೆ ಕಡೆಯವಳು, ತುಳು ಒಂದಕ್ಷರ ಬಾರದು. ಕಂಪ್ಯೂಟರ್ ಕಲಿಯುವ ಗೆಳತಿಯನ್ನು ಜೊತೆಗೆ ಸೇರಿಸಿಕೊಂಡು ದೊಡ್ಡಮ್ಮನಿಗಾಗಿಯೇ ಒಂದು ಆಪ್ ಮಾಡಿದಳು. ಪರದೆಯ ಮೇಲೆ ಚಿತ್ರಗಳು. ಚಿತ್ರ ಒತ್ತಿದರೆ ಮಾತು, ಅದೂ ಸುಮಕ್ಕನ ದನಿಯಲ್ಲಿ, ಅಪ್ಪಟ ತುಳುವಿನಲ್ಲಿ. ಲೋಟದ ಚಿತ್ರ ಒತ್ತಿದರೆ "ಚಾ ಬೋಡು" (ಚಹಾ ಬೇಕು). ಬಾಗಿಲು ಒತ್ತಿದರೆ "ಏರ್ ಬತ್ತಿನಿ?" (ಯಾರು ಬಂದದ್ದು?). ಟಿವಿಯ ಸದ್ದು ತಗ್ಗಿಸಲು ಒಂದು, ಅಳಿಯನಿಗೆ ಬೈಯಲು ಒಂದು. (ಭಾವ ಇದನ್ನು ಕೊನೆಯವರೆಗೂ ವಿರೋಧಿಸಿದ್ದರು.) ಎಡಗೈಯ ಒಂದು ಬೆರಳಿನಲ್ಲಿ ದೊಡ್ಡಮ್ಮ ಮತ್ತೆ ಮನೆ ಆಳತೊಡಗಿದರು.

ಈ ಆಪು ಯಾವ ಸ್ಟೋರಿನಲ್ಲೂ ಇಲ್ಲ. ರೇಣುಕಾ ವಾಟ್ಸಾಪಿನಲ್ಲಿ ಕಳಿಸಿದ್ದು, ಸುಮಕ್ಕ ಹಾಕಿಕೊಂಡದ್ದು. ಆ ಮದುವೆಯ ಕರೆಯೋಲೆ ಬಂದ ದಾರಿಯಲ್ಲೇ ಇದೂ ಬಂದದ್ದು.

ಆದಿತ್ಯವಾರ ಆದಿ ಉಡುಪಿಯಿಂದ ಬಸ್ಸು ಹತ್ತಿ ಕಾಪುವಿಗೆ ಹೋದೆ. ಭಾವನನ್ನು ನಾಲ್ಕು ಮಾತು ತಮಾಷೆ ಮಾಡಿ ಬರುವ ಎಂದು. ಚಾವಡಿಯಲ್ಲಿ ದೊಡ್ಡಮ್ಮ ಕುಳಿತಿದ್ದರು. ಮಡಿಲಲ್ಲಿ ಟ್ಯಾಬು. ಎಂದಿನ ಹಾಗೆ "ಏರ್ ಬತ್ತಿನಿ?" ಕೇಳಲಿಲ್ಲ.

"ಹೊಸ ಆಪ್ ಹಾಕಿದ್ದೇವೆ. ಸ್ಟೋರಿನದ್ದು, ಸೇಫ್" ಎಂದರು ಭಾವ.

ಆ ಸೇಫ್ ಆಪಿನ ಚಂದ ನೋಡಿ. ದೊಡ್ಡಮ್ಮನಿಗೆ ನೀರು ಬೇಕಿತ್ತು. ಒತ್ತಿದರು. ಮೊದಲು ರಮ್ಮಿ ಆಟದ ಜಾಹೀರಾತು ಬಂತು. ಅದನ್ನು ಮುಚ್ಚಲು ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಗುರುತು. ದೊಡ್ಡಮ್ಮನ ಬೆರಳು ಅದರ ಪಕ್ಕಕ್ಕೆ ಬಿತ್ತು. ಟ್ಯಾಬು ಸೀದಾ ಸ್ಟೋರಿಗೆ ಹೋಗಿ, ರಮ್ಮಿ ಹಾಕಿಕೊಳ್ಳುತ್ತೀರಾ ಎಂದು ವಿನಯದಿಂದ ಕೇಳಿತು! ಎಲ್ಲ ಮುಚ್ಚಿ ಮತ್ತೆ ಒತ್ತಿದಾಗ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ದನಿಯೊಂದು "ಮುಝೆ ಪಾನಿ ಚಾಹಿಯೇ" ಎಂದಿತು. ಹುಟ್ಟಿದಾಗಿನಿಂದ ತುಳು ಬಿಟ್ಟು ಇನ್ನೊಂದು ಮಾತಾಡದ ದೊಡ್ಡಮ್ಮ, ತನ್ನ ಮನೆಯ ಚಾವಡಿಯಲ್ಲಿ ಕುಳಿತು ಹಿಂದಿಯಲ್ಲಿ ನೀರು ಕೇಳಿದರು.

ನಾನು ನಗಬೇಕೆಂದೇ ಇದ್ದೆ. ಅಷ್ಟರಲ್ಲಿ ದೊಡ್ಡಮ್ಮ ನನ್ನನ್ನು ನೋಡಿದರು. ಪರದೆಯ ಮೇಲೆ ಏನೋ ಹುಡುಕಿದರು. ಸಿಗಲಿಲ್ಲ. ಕೊನೆಗೆ ಅನ್ನದ ಬಟ್ಟಲಿನ ಚಿತ್ರ ಒತ್ತಿದರು. "ಮುಝೆ ಭೂಖ್ ಲಗೀ ಹೈ." ನನಗೆ ಹಸಿವಾಗಿದೆ.

"ಈಗಷ್ಟೇ ಊಟ ಆಯ್ತಲ್ಲ ಅಮ್ಮ?" ಎಂದಳು ಸುಮಕ್ಕ.

ದೊಡ್ಡಮ್ಮ ತಲೆ ಅಲ್ಲಾಡಿಸಿದರು. ಮತ್ತೆ ಅದನ್ನೇ ಒತ್ತಿದರು. ಸುಮಕ್ಕ ಒಳಗೆ ಹೋಗಿ ತಟ್ಟೆಯಲ್ಲಿ ಸ್ವಲ್ಪ ಅನ್ನ ಕಲಸಿ ತಂದಳು. ದೊಡ್ಡಮ್ಮ ತಟ್ಟೆಯನ್ನು ಎಡಗೈಯಿಂದ ದೂಡಿದರು. ಮತ್ತೆ ಒತ್ತಿದರು. ನನ್ನ ಕಡೆ ಬೆರಳು ಮಾಡಿದರು. ಕಣ್ಣಲ್ಲಿ ನೀರು.

ಆಗ ನಮಗೆ ಅರ್ಥವಾಯಿತು. ಅವರಿಗೆ ಹಸಿವಾಗಿರಲಿಲ್ಲ. ನನ್ನ ಊಟ ಆಯಿತಾ ಎಂದು ಕೇಳುತ್ತಿದ್ದರು.

ಹೊಸ ಆಪನ್ನು ಪೂರ್ತಿ ತಿರುವಿ ನೋಡಿದೆ. ನೀರು ಬೇಕು, ಅನ್ನ ಬೇಕು, ಔಷಧಿ ಬೇಕು, ನೋವಾಗುತ್ತಿದೆ, ಟಾಯ್ಲೆಟ್ಟಿಗೆ ಹೋಗಬೇಕು. ಎಲ್ಲ ಬೇಕು ಬೇಕು ಬೇಕು. ಮಾತು ಹೋದವರಿಗೆ ಬೇಡುವುದೊಂದೇ ಕೆಲಸ ಎಂದು ಅದನ್ನು ಮಾಡಿದವರು ತಿಳಿದಿದ್ದಾರೆ. ಮನೆಗೆ ಬಂದವರನ್ನು ವಿಚಾರಿಸಿಕೊಳ್ಳಲು ಒಂದು ಬಟನ್ ಇಲ್ಲ. ದೊಡ್ಡಮ್ಮನ ಮನೆಯಲ್ಲಿ ಊಟ ಆಯ್ತಾ ಎಂದು ಕೇಳಿಸಿಕೊಳ್ಳದೆ ಯಾರಾದರೂ ಕುಳಿತದ್ದುಂಟೇ? ಆ ದಿನ ನಾನು ಕುಳಿತಿದ್ದೆ, ಅವರ ಎದುರೇ.

"ಭಾವ, ಹಳೆಯದನ್ನು ಹಾಕಿ ಕೊಡಿ" ಎಂದೆ.

"ಹಾಕಬಹುದು. ಮತ್ತೆ ಎಂತಾದರೂ ಆದರೆ? ನಾನು ಮಾಡಿದ್ದು ತಪ್ಪಾ? ನೀನೇ ಹೇಳು."

ತಪ್ಪಲ್ಲ. ಅದನ್ನು ಒಪ್ಪಲೇಬೇಕು. ಮೋಸ ಹೋದ ಮನುಷ್ಯನಿಗೆ ಹೆದರಿಕೆ ಸಹಜ. "ಆದರೆ ಈ ಟ್ಯಾಬಿನಲ್ಲಿ ಬ್ಯಾಂಕ್ ಉಂಟಾ? ಸಿಮ್ ಉಂಟಾ? ಕದಿಯಲಿಕ್ಕೆ ಎಂತ ಉಂಟು ಇದರಲ್ಲಿ?" ಎಂದು ಕೇಳಿದಳು ಸುಮಕ್ಕ.

ರೇಣುಕಾಗೆ ಫೋನ್ ಮಾಡಿದೆವು, ಸ್ಪೀಕರಿನಲ್ಲಿ. ಫೈಲು ಈಗಲೇ ಕಳಿಸುತ್ತೇನೆ ಎಂದಳು. ಭಾವ ಬಿಡಲಿಲ್ಲ. "ಅಲ್ಲಮ್ಮಾ, ಇದನ್ನು ಸ್ಟೋರಿಗೇ ಹಾಕಿದರೆ ಎಂತ?"

"ಹಾಕ್ಬೋದ್ರಿ ಅಂಕಲ್. ಅಕೌಂಟ್ ಮಾಡ್ಬೇಕು, ಗುರುತಿನ ಕಾರ್ಡ್ ಕೊಡ್ಬೇಕು, ಪಾಲಿಸಿ ಬರೀಬೇಕು. ಮ್ಯಾಲೆ ಇಷ್ಟು ಮಂದಿ ಇಷ್ಟು ದಿನ ಬಳಸಿ ನೋಡಿರ್ಬೇಕು ಅಂತಾರ್ರಿ. ನಮ್ಮ ಆಪಿಗೆ ಎಲ್ಲಿಂದ ಮಂದಿ ತರ್ಲಿ? ಇರಾಕಿ ಒಬ್ಬಾಕಿ ಅಜ್ಜಿ." ಅವಳು ನಕ್ಕಳು. ಮತ್ತೆ ಹೇಳಿದಳು, "ಮುಂದ ಹೊರಗಿಂದ ಹಾಕಾಕೂ ಕಷ್ಟ ಆಗ್ತದಂತ್ರಿ. ಆಪ್ ಮಾಡಿದವ್ರು ಸ್ಟೋರಿನ ಕಂಪನಿಯವ್ರ ಹತ್ರ ಹೆಸ್ರು ನೋಂದಾಯಿಸ್ಬೇಕಂತ."

ಭಾವ ಬೀಗ ತೆಗೆದರು. ಫೈಲು ಬಂತು. ಟ್ಯಾಬು ತನ್ನ ಮಂತ್ರ ಶುರು ಮಾಡಿತು. ಇದು ಗೊತ್ತಿಲ್ಲದವರ ಆಪ್, ನಿಮ್ಮ ಟ್ಯಾಬಿಗೆ ಹಾನಿಯಾಗಬಹುದು. ಈ ಸಲ ಭಾವ ಒಂದೊಂದು ಸಾಲನ್ನೂ ದೊಡ್ಡದಾಗಿ ಓದಿ, ತುಳುವಿನಲ್ಲಿ ಅತ್ತೆಗೆ ವಿವರಿಸಿ, "ಹಾಕುವುದಾ?" ಎಂದು ಕೇಳಿದರು. (ಕರೆಯೋಲೆ ಬಂದಾಗ ಹೀಗೆ ಓದಿದ್ದರೆ ಆಗುತ್ತಿತ್ತು!) ದೊಡ್ಡಮ್ಮ ಅವರ ಕೈ ಸರಿಸಿ ತಾನೇ ಒತ್ತಿದರು.

ಚಿತ್ರಗಳೆಲ್ಲ ಮೂಡಿದವು. ದೊಡ್ಡಮ್ಮ ನನ್ನ ಕಡೆ ತಿರುಗಿ ಬಾಳೆಲೆಯ ಚಿತ್ರದ ಮೇಲೆ ಬೆರಳಿಟ್ಟರು.

"ಒಣಸ್ ಆಂಡಾ?" ಊಟ ಆಯ್ತಾ?

ನಾನು ಮನೆಯಲ್ಲಿ ಹೊಟ್ಟೆ ತುಂಬ ಉಂಡೇ ಹೊರಟಿದ್ದೆ. "ಇಲ್ಲ ದೊಡ್ಡಮ್ಮ" ಎಂದೆ. ಬಡಿಸಿದವರು ಭಾವ. ಎರಡನೇ ಸಲ ಉಂಡ ಆ ಊಟ ನನಗೆ ಕಡೆಯವರೆಗೂ ರುಚಿಸಿತು.

ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸಿದೆ. ಹೊರಗಿನ ಆಪನ್ನು ಬಿಡಬೇಕೋ ಬಾರದೋ ಎಂದು ದೊಡ್ಡ ದೊಡ್ಡ ದೇಶಗಳಲ್ಲಿ ಕೋರ್ಟು ಕಚೇರಿ ನಡೆಯುತ್ತಿದೆ. ಯುರೋಪಿನಲ್ಲಿ ಕಾನೂನು ತಂದೇ ಬಾಗಿಲು ತೆರೆಸಿದ್ದಾರೆ. ದುಬಾರಿ ಫೋನಿನ ಕಂಪನಿಯೊಂದು ನಮ್ಮಲ್ಲಿ ಇನ್ನೂ ಕಿಟಕಿಯನ್ನೂ ತೆರೆದಿಲ್ಲ. ಕೇಳಿದರೆ ಎಲ್ಲ ನಿಮ್ಮ ಸುರಕ್ಷತೆಗೆ ಎನ್ನುತ್ತಾರೆ. ಸ್ಟೋರಿನಲ್ಲಿ ಆಗುವ ವ್ಯಾಪಾರದಲ್ಲಿ ತಮಗೊಂದು ಪಾಲು ಇರುವುದನ್ನು ಮಾತ್ರ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಸುರಕ್ಷತೆ ಬೇಡ ಎಂದವರು ಯಾರು? ಕರೆಯೋಲೆಯ ಕಳ್ಳನನ್ನು ಹಿಡಿಯಿರಿ. ಒಂದಲ್ಲ, ಹತ್ತು ಸಲ ಎಚ್ಚರಿಸಿ. ಕನ್ನಡದಲ್ಲಿ ಎಚ್ಚರಿಸಿ, ತುಳುವಿನಲ್ಲಿ ಎಚ್ಚರಿಸಿ. ಬೇಕಾದರೆ ಒತ್ತುವ ಮೊದಲು ಒಂದು ದಿನ ಕಾಯಿಸಿ. ಅಷ್ಟರಲ್ಲಿ ಮನೆಯವರು ಯಾರಾದರೂ ಮದುವೆ ಯಾರದ್ದು ಎಂದು ಕೇಳಿಯಾರು. ಆದರೆ ನೆಗಡಿ ಬಂತೆಂದು ಮೂಗು ಕೊಯ್ಯುವುದು ಯಾವ ವೈದ್ಯ? ಪಕ್ಕದ ಮನೆಯವರು ಕಂಪೌಂಡಿನ ಮೇಲಿಂದ ಬಸಳೆ ಕೊಟ್ಟರೆ ನಾವು ಸಾರು ಮಾಡುತ್ತೇವೆ. ಅಣಬೆ ಕೊಟ್ಟರೆ ಎರಡು ಸಲ ನೋಡುತ್ತೇವೆ. ಅಣಬೆಗೆ ಹೆದರಿ ಕಂಪೌಂಡನ್ನು ಆಕಾಶದವರೆಗೆ ಎತ್ತರಿಸುವುದಿಲ್ಲ.

ಸ್ಟೋರಿಗೆ ಲಕ್ಷಗಟ್ಟಲೆ ಜನ ಬೇಕು. ದೊಡ್ಡಮ್ಮ ಒಬ್ಬರೇ. ಒಬ್ಬರಿಗಾಗಿ ಮಾಡಿದ ಆಪು ಯಾವತ್ತೂ ಹೊರಗಿನಿಂದಲೇ ಬರಬೇಕು, ಪ್ರೀತಿಯಿಂದ ಮಾಡಿಕೊಟ್ಟವರ ಕೈಯಿಂದಲೇ ಬರಬೇಕು. ಆ ದಾರಿಗೂ ನಾಳೆ ಬೀಗ ಬಿದ್ದರೆ, ತನ್ನ ಮನೆಗೆ ಬಂದವಳನ್ನು ಊಟ ಆಯ್ತಾ ಎಂದು ಕೇಳಲು ನಮ್ಮ ದೊಡ್ಡಮ್ಮ ಯಾವ ದೇಶದ, ಯಾವ ಆಫೀಸಿನ ಅಪ್ಪಣೆಗೆ ಕಾಯಬೇಕು?