ಕುಂಕುಮ ಅಳಿಸಿದ ಮೇಲೆ

ಗುರುವಾರ ಬೆಳಿಗ್ಗೆ ಮನೆಯಿಂದ ಹೊರಡುವಾಗ ಫಖ್ರುನ್ನೀಸಾ ಎರಡು ವಸ್ತುಗಳನ್ನು ಮರೆಯುತ್ತಿರಲಿಲ್ಲ. ಒಂದು, ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆ. ಇನ್ನೊಂದು, ಮೂರು ಚಿತ್ರಗಳಿದ್ದ ದಪ್ಪ ಕಾಗದ.

ಕಾಗದವನ್ನು ಕೊಟ್ಟವರು ಚಾಮರಾಜನಗರದ ಹೆಂಗಸರ ಸಂಘದವರು. ಕೆಟ್ಟ ಟೀವಿ, ಸುಟ್ಟ ಮಿಕ್ಸಿ, ಸತ್ತ ಮೊಬೈಲು, ಚಾರ್ಜರು, ಬ್ಯಾಟರಿ ಇಂಥವನ್ನೆಲ್ಲ ಕೂಡಿಡಲು ಅವರು ಒಂದು ಕೋಣೆ ಹಿಡಿದಿದ್ದರು. ಕೋಣೆ ತುಂಬಿದಾಗ ಲಾರಿ ಬಂದು, ಬಿಚ್ಚಿ ಬೇರ್ಪಡಿಸಲು ಪರವಾನಗಿ ಇದ್ದ ಕಾರ್ಖಾನೆಗೆ ಒಯ್ಯುತ್ತಿತ್ತು. ಊರೂರಿಗೆ ಹೋಗಿ ಜನರನ್ನು ಒಪ್ಪಿಸಿ ಅವನ್ನು ತರುವುದು ಫಖ್ರುನ್ನೀಸಾಳ ಕೆಲಸ. ಅವಳ ಪಾಲಿಗೆ ಬಂದ ಊರು ಹರದನಹಳ್ಳಿ. ಕಾಗದದ ಮೊದಲ ಚಿತ್ರದಲ್ಲಿ ಕೆರೆಗೆ ಎಸೆಯಬೇಡಿ ಎಂದಿತ್ತು. ಎರಡನೆಯದರಲ್ಲಿ ಮಣ್ಣಿನಲ್ಲಿ ಹೂಳಬೇಡಿ ಎಂದಿತ್ತು. ಮೂರನೆಯದರಲ್ಲಿ ಬೆಂಕಿ, ಕಪ್ಪು ಹೊಗೆ, ಅದರ ಪಕ್ಕದಲ್ಲಿ ಎದೆ ಹಿಡಿದುಕೊಂಡ ಒಬ್ಬ ಹೆಂಗಸು ಇದ್ದಳು. ಫಖ್ರುನ್ನೀಸಾ ಆ ಮೂರನೆಯ ಭಾಗವನ್ನು ಹಿಂದಕ್ಕೆ ಮಡಿಸಿ, ಉಳಿದೆರಡನ್ನು ಮಾತ್ರ ತೋರಿಸುತ್ತಿದ್ದಳು. ಮಡಿಕೆ ಬಿದ್ದ ಕಡೆ ಕಾಗದ ಸವೆದು ಬೆಳ್ಳಗಾಗಿತ್ತು.

ಒದ್ದೆ ಬಟ್ಟೆಯ ಕತೆ ಬೇರೆ. ಮೊದಲ ಎರಡು ತಿಂಗಳು ಹರದನಹಳ್ಳಿಯಲ್ಲಿ ಅವಳಿಗೆ ಯಾರೂ ಏನನ್ನೂ ಕೊಡಲಿಲ್ಲ. ನೀರು ಕೊಟ್ಟರು, ಎಲೆ ಅಡಿಕೆ ಕೊಟ್ಟರು, ಕೆಟ್ಟ ಟೀವಿ ಮಾತ್ರ ಕೊಡಲಿಲ್ಲ. ಪ್ರತಿ ವರ್ಷ ಆಯುಧಪೂಜೆಯ ದಿನ ಮನೆಯ ನೇಗಿಲಿನಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟಿರುತ್ತಿದ್ದರು. ಕೆಟ್ಟ ಮೇಲೂ ಆ ಬೊಟ್ಟು ಹಾಗೆಯೇ ಉಳಿದು, ವಸ್ತು ಅಟ್ಟ ಸೇರುತ್ತಿತ್ತು. ಕೊನೆಗೆ ವಿಷಯವನ್ನು ಬಾಯಿಬಿಟ್ಟು ಹೇಳಿದವಳು ಮಂಚಮ್ಮ. ಅರವತ್ತು ದಾಟಿದ ವಿಧವೆ. ಆ ಬೀದಿಯಲ್ಲಿ ಅವಳ ಮಾತಿಗೆ ತೂಕವಿತ್ತು.

"ಪೂಜೆ ಮಾಡಿರೋ ಪದಾರ್ಥ ಕನವ್ವ. ಕುಂಕುಮ ಇಕ್ಕಿರೋದ ಗೋಣಿಚೀಲಕ್ಕೆ ತುರುಕಕ್ಕಾದಾ?"

ಫಖ್ರುನ್ನೀಸಾ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ, "ನಿಮ್ಮ ಕೈಯಾರೆ ಒರೆಸಿ ಕೊಡಿ ಅವ್ವ. ಮನೇಲಿ ದುಡಿದದ್ದನ್ನ ಕಳಿಸಿಕೊಟ್ಟಂಗೆ" ಎಂದಳು.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಮನೆಯ ಹೆಂಗಸು ವಸ್ತುವನ್ನು ಜಗುಲಿಯ ಮೇಲಿಟ್ಟು, ಫಖ್ರುನ್ನೀಸಾ ಕೊಟ್ಟ ಒದ್ದೆ ಬಟ್ಟೆಯಿಂದ ಬೊಟ್ಟು ಒರೆಸಿ, ಒಂದು ಗಳಿಗೆ ಕೈಮುಗಿದು ಎತ್ತಿಕೊಡುತ್ತಿದ್ದಳು. ಫಖ್ರುನ್ನೀಸಾ ಅದನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದಳು, ಚೀಲಕ್ಕೆ ಎಸೆಯದೆ ಮೆಲ್ಲಗೆ ಇಳಿಸುತ್ತಿದ್ದಳು. ಲಗೇಜ್ ಆಟೊ ಓಡಿಸುತ್ತಿದ್ದ ಕನಕರಾಜು ಇದನ್ನು ನೋಡಿ, "ಬೂಬಮ್ಮ, ಟೀವಿಗೂ ತಿಥಿ ಮಾಡಿಸ್ಬುಟ್ಟಲ್ಲ ನೀನು" ಎಂದು ನಗುತ್ತಿದ್ದ. ನಕ್ಕರೂ ಚೀಲಗಳನ್ನು ಅವನೂ ಮೆಲ್ಲಗೇ ಇಡತೊಡಗಿದ್ದ. ಒಂದು ವರ್ಷದಲ್ಲಿ ಹರದನಹಳ್ಳಿಯ ಅಟ್ಟಗಳು ಅರ್ಧ ಖಾಲಿಯಾದವು. ಗುರುವಾರವನ್ನು ಗೊತ್ತುಮಾಡಿದವಳೂ ಮಂಚಮ್ಮನೇ. ಮಂಗಳವಾರ, ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಕೊಡುವ ಹಾಗಿರಲಿಲ್ಲ.

ಮೂರನೆಯ ಚಿತ್ರವನ್ನು ಮಡಿಸಿಟ್ಟುಕೊಳ್ಳಲು ಕಾರಣ ಅವಳ ಮನೆಯೊಳಗೇ ಮಲಗಿತ್ತು.

ಸಲ್ಮಾ ಅವಳ ತಂಗಿ, ಅವಳಿಗಿಂತ ಹದಿನಾರು ವರ್ಷ ಚಿಕ್ಕವಳು. ಅವರ ಅಪ್ಪ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಕೊಡೆ, ಟಾರ್ಚು ರಿಪೇರಿ ಮಾಡುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಒಂದು ವರ್ಷದ ಅಂತರದಲ್ಲಿ ಹೋದಾಗ, ಹನ್ನೊಂದು ವರ್ಷದ ಸಲ್ಮಾ ಒಂದು ಬಟ್ಟೆಗಂಟು ಹಿಡಿದು ಚಾಮರಾಜನಗರದ ಅಕ್ಕನ ಮನೆಗೆ ಬಂದಳು. ಅಕ್ಕನ ಗಂಡ ಮುಷರಫ್ ಗುಜರಿ ವ್ಯಾಪಾರಿ. ಹಳೆಯ ವೈರುಗಳನ್ನು ರಾಶಿ ರಾಶಿ ತರುತ್ತಿದ್ದ. ಹಿತ್ತಲಲ್ಲಿ ಅರ್ಧ ಕತ್ತರಿಸಿದ ಒಂದು ಡ್ರಮ್ಮು. ಅದರಲ್ಲಿ ವೈರು ಸುಟ್ಟು, ಬೂದಿ ಜರಡಿ ಹಿಡಿದು ತಾಮ್ರ ಆರಿಸುವುದು ಹೆಂಗಸರ ಕೆಲಸ. ಸಲ್ಮಾಳ ಬೆರಳುಗಳು ಚುರುಕು. ಬಿಸಿ ಬೂದಿಯಲ್ಲಿ ಕೂದಲೆಳೆಯಂಥ ತಾಮ್ರವನ್ನೂ ಬಿಡುತ್ತಿರಲಿಲ್ಲ. ಆರಿಸಿದ ಎಳೆಗಳನ್ನು ಅಂಗೈಯಲ್ಲಿ ಹಿಡಿದು, "ಆಪಾ, ನೋಡು" ಎಂದು ತೋರಿಸುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಅವಳಿಗೆ ಬಂದ ಎರಡು ಸಂಬಂಧಗಳು ಕೆಮ್ಮಿನ ಕಾರಣಕ್ಕೆ ತಪ್ಪಿಹೋದವು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮನೆಯಲ್ಲಿ ಏನಾದರೂ ಸುಡುತ್ತೀರಾ ಎಂದು ಕೇಳಿದ್ದರು. ಫಖ್ರುನ್ನೀಸಾ ಸೌದೆ ಒಲೆ ಎಂದಳು. ಮನೆಯಲ್ಲಿ ಗ್ಯಾಸ್ ಬಂದು ಹನ್ನೆರಡು ವರ್ಷವಾಗಿತ್ತು. ಹಾಸಿಗೆಯ ಮೇಲಿದ್ದ ಸಲ್ಮಾ ಅಕ್ಕನ ಮುಖ ನೋಡಿದಳು. ಮನೆಗೆ ಬಂದ ದಿನವೇ ಮುಷರಫ್ ಡ್ರಮ್ಮನ್ನು ಹೊರಗೆ ಹಾಕಿದ. ಆಮೇಲೆ ಅವನು ವೈರು ತರಲಿಲ್ಲ. ಮನೆಯಲ್ಲಿ ಅದರ ಮಾತನ್ನೂ ಯಾರೂ ಎತ್ತಲಿಲ್ಲ. ಸಂಘದವರು ಕೆಲಸಕ್ಕೆ ಜನ ಬೇಕೆಂದಾಗ ಫಖ್ರುನ್ನೀಸಾ ತಾನಾಗಿಯೇ ಹೋಗಿ ಸೇರಿದಳು. ಸುಟ್ಟವಳು ನಾನೇ ಎಂದು ಮಾತ್ರ ಅಲ್ಲಿಯೂ ಹೇಳಲಿಲ್ಲ. ಗೊತ್ತಾದರೆ ಯಾವ ಹೆಂಗಸು ತನ್ನನ್ನು ಜಗುಲಿಯ ಮೇಲೆ ಕೂರಿಸಿಕೊಂಡಾಳು?

ಸಲ್ಮಾ ತೀರಿಕೊಂಡದ್ದು ಒಂದು ಗುರುವಾರ, ಹಗಲು ಹನ್ನೊಂದು ಗಂಟೆಗೆ. ಮೂವತ್ತನಾಲ್ಕು ವರ್ಷ. ಅಂದು ಫಖ್ರುನ್ನೀಸಾಳ ಫೋನು ಸಲ್ಮಾಳ ದಿಂಬಿನ ಪಕ್ಕದಲ್ಲಿ ಹಲವು ಸಲ ಸದ್ದು ಮಾಡಿತ್ತು. ಮಂಚಮ್ಮನ ಸೊಸೆ ಭವ್ಯಳ ನಂಬರಿನಿಂದ ಏಳು ಕರೆ ಬಂದಿದ್ದವು. ಮೂರನೆಯ ದಿನ ಅದನ್ನು ಕಂಡಳು. ತಿರುಗಿ ಫೋನು ಮಾಡಿದರೆ ಯಾಕೆ ಬರಲಿಲ್ಲವೆಂದು ಕೇಳುತ್ತಾರೆ. ತಂಗಿ ಹೋದಳೆಂದರೆ ಏನಾಗಿತ್ತು ಎಂದು ಕೇಳುತ್ತಾರೆ. ಅವಳು ಫೋನನ್ನು ಕವಚಿಟ್ಟಳು. ಕನಕರಾಜು ಆ ವಾರಗಳಲ್ಲಿ ಉಮ್ಮತ್ತೂರಿನ ಕಡೆ ಬೇರೆ ಬಾಡಿಗೆ ಹಿಡಿದ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲಿನ ಗುರುವಾರ ಅವಳು ಮತ್ತೆ ಬಟ್ಟೆ ಒದ್ದೆ ಮಾಡಿಕೊಂಡು ಕನಕರಾಜುವಿನ ಆಟೊದಲ್ಲಿ ಹೊರಟಳು. ಹರದನಹಳ್ಳಿಯ ಹೆಂಗಸರು ಅವಳನ್ನು ಕಂಡು ಸಿಟ್ಟಾಗಲಿಲ್ಲ. ಬದಲಿಗೆ ಅವರ ಮುಖದಲ್ಲಿ, ಒಂದು ಕೆಲಸವನ್ನು ತಾವೇ ಅಚ್ಚುಕಟ್ಟಾಗಿ ಮುಗಿಸಿದವರ ಹಿಗ್ಗಿತ್ತು. ಮಂಚಮ್ಮ ಅವಳನ್ನು ಕೂರಿಸಿ ನಡೆದದ್ದನ್ನು ಹೇಳಿದಳು. ಆ ಗುರುವಾರ ಆಟೊ ಇನ್ನೇನು ಬಂದೀತು ಎಂದು ಎಂಟು ಮನೆಯವರು ಮುಂಚೆಯೇ ಬೊಟ್ಟು ಒರೆಸಿ ವಸ್ತುಗಳನ್ನು ಜಗುಲಿಗೆ ತಂದಿದ್ದರು. ಸಂಜೆಯಾಯಿತು, ಆಟೊ ಬರಲಿಲ್ಲ. ಬೆಳಗಾದರೆ ಶುಕ್ರವಾರ.

"ಕುಂಕುಮ ಅಳಿಸಿದ್ದ ಶುಕ್ರವಾರ ಮನೇಲಿ ಮಡಿಕಳಕ್ಕಾದಾ? ನಮ್ಮನೆಯೋರು ಓದಾಗ ನಾನೇ ಎಷ್ಟು ದಿನ ಮೂಲೇಲಿ ಕೂತಿದ್ದೆ, ಗೊತ್ತಾ ನಿನಗ? ದೀಪ ಹಚ್ಚೋದ್ರೊಳಗ ಕಳಿಸ್ಬುಡಬೇಕು ಅಂದೆ. ಕೆರೆಗೆ ಹಾಕ್ಬ್ಯಾಡಿ ಅಂದಿದ್ದೆ ನೀನು. ಮಣ್ಣಿಗೆ ಹಾಕ್ಬ್ಯಾಡಿ ಅಂದಿದ್ದೆ. ಇನ್ನೇನು ಉಳೀತು, ಬೆಂಕಿ ತಾನೆ?"

ಫಖ್ರುನ್ನೀಸಾ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಮೂರನೆಯ ಭಾಗ ಎಂದಿನಂತೆ ಹಿಂದಕ್ಕೆ ಮಡಿಸಿಕೊಂಡಿತ್ತು.

ಅಂದಿನಿಂದ ಪ್ರತಿ ಗುರುವಾರವೂ ಹಾಗೆಯೇ ನಡೆದಿತ್ತು. ಮನೆಮನೆಯಿಂದ ತಂದದ್ದನ್ನು ಊರ ಹಿಂದಿನ ಬಯಲಿನಲ್ಲಿ ಪೇರಿಸಿ, ಮೇಲೆ ಒಂದು ಚೂರು ಕರ್ಪೂರ ಇಟ್ಟು ಹಚ್ಚುತ್ತಿದ್ದರು. ಮನುಷ್ಯರನ್ನು ಕಳಿಸಿಕೊಡುವಷ್ಟೇ ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದರು. ಹೆಂಗಸರು ಅವಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸಿದರು. ನೆಲದ ಮೇಲೆ ಎತ್ತಿನ ಗಾಡಿಯಗಲ ಕಪ್ಪು ವೃತ್ತ. ಕರಗಿ ಮತ್ತೆ ಗಟ್ಟಿಯಾದ ಪ್ಲಾಸ್ಟಿಕ್ಕಿನ ನಡುವೆ ಒಂದು ಟೀವಿಯ ಅಂಚು ಎದ್ದು ನಿಂತಿತ್ತು. ಬೆಂಕಿ ನೋಡಿಕೊಳ್ಳುವುದು ಭವ್ಯಳ ಪಾಲಿಗೆ ಬಂದಿತ್ತು. ಕೈಗೂಸಿನ ತಾಯಿ. ಮಗುವಿಗೆ ಏಳು ತಿಂಗಳು. ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಅಂಗೈ ಚಾಚಿದಳು. ಬೂದಿ ಕೆದಕಿ ಆರಿಸಿದ ತಾಮ್ರದ ಎಳೆಗಳು.

"ನೋಡಕ್ಕ, ಹೆಂಗೆ ಹೊಳೀತವೆ" ಎಂದಳು. ಹೇಳುತ್ತಲೇ ಕೆಮ್ಮಿದಳು. ಕೆಮ್ಮಿ, ಬಾಯಿ ಒರೆಸಿಕೊಂಡು, ಏನೂ ಆಗದವಳಂತೆ ನಕ್ಕಳು.

ಆ ಕೆಮ್ಮನ್ನು ಫಖ್ರುನ್ನೀಸಾ ಬಲ್ಲಳು. ಎದೆಯ ಮೇಲ್ಭಾಗದಲ್ಲಿ ಮಾತ್ರ ತಾಗುವ ಒಣ ಕೆಮ್ಮು. ಮೊದಮೊದಲು ಅದು ಹಾಗೆಯೇ ಇರುತ್ತದೆ, ನಗುವಿನ ನಡುವೆ ಬಂದು ನಗುವಿನ ನಡುವೆ ಹೋಗುತ್ತದೆ. ಅವಳು ಅಲ್ಲಿಯೇ ಕಪ್ಪು ನೆಲದ ಅಂಚಿನಲ್ಲಿ ಕುಳಿತುಬಿಟ್ಟಳು. ಹೆಂಗಸರು ತಲೆ ಸುತ್ತಿ ಬಂತೇನೋ ಎಂದು ಸುತ್ತುವರಿದರು. ಸರ್ಕಾರ ಬೇಡವೆಂದಿದೆ ಎಂದು ಹೇಳಿ ಎದ್ದುಬಿಡಬಹುದಿತ್ತು. ಅಷ್ಟು ಹೇಳಿದರೆ ಇವರು ಒಂದೆರಡು ವಾರ ನಿಲ್ಲಿಸುತ್ತಾರೆ, ಆಮೇಲೆ ಯಾವುದೋ ಗುರುವಾರ ಆಟೊ ಕೆಟ್ಟು ನಿಲ್ಲುತ್ತದೆ, ಭವ್ಯ ಮತ್ತೆ ಬೂದಿ ಕೆದಕುತ್ತಾಳೆ. ಇದೆಲ್ಲವೂ ಅವಳಿಗೆ ಒಟ್ಟಿಗೆ ಕಂಡಿತು. ಕಾಗದದ ಮಡಿಕೆ ಬಿಡಿಸಿ ನೆಲದ ಮೇಲೆ ಹರಡಿದಳು.

"ನನಗೊಬ್ಬಳು ತಂಗಿ ಇದ್ದಳು" ಎಂದಳು.

ಗುಂಡ್ಲುಪೇಟೆಯಿಂದ ಬಟ್ಟೆಗಂಟು ಹಿಡಿದು ಬಂದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಡ್ರಮ್ಮು, ಜರಡಿ, ತಪ್ಪಿಹೋದ ಸಂಬಂಧಗಳು, ಎಕ್ಸ್‌ರೇ. ಕೊನೆಯ ನಾಲ್ಕು ತಿಂಗಳು ಸಲ್ಮಾ ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ್ದನ್ನು ಹೇಳಿದಳು. ಕೊನೆಯ ದಿನ ಯಾವುದು ಎಂಬುದನ್ನೂ ಹೇಳಿದಳು. ಆಗ ಹೆಂಗಸರಲ್ಲಿ ಒಬ್ಬಳು ಬೆರಳು ಮಡಿಸಿ ವಾರಗಳನ್ನು ಎಣಿಸಿದ್ದು ಕಂಡಿತು. ಅವರು ಮೊದಲ ಬೆಂಕಿ ಹಚ್ಚಿದ ಸಂಜೆಯೇ ಸಲ್ಮಾಳನ್ನು ಮಣ್ಣು ಮಾಡಿದ್ದು.

ಭವ್ಯ ಅಂಗೈಯನ್ನು ಮುಚ್ಚಲೂ ಆಗದೆ, ಅದರಲ್ಲಿದ್ದುದನ್ನು ಚೆಲ್ಲಲೂ ಆಗದೆ ನಿಂತಿದ್ದಳು. ಫಖ್ರುನ್ನೀಸಾ ಎದ್ದು ಹೋಗಿ ಆ ತಾಮ್ರವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಮಂಚಮ್ಮ ಕೇಳಿದಳು. "ಮೊದಲೇ ಯಾಕೆ ಯೋಳ್ನಿಲ್ಲ ಬೂಬಮ್ಮ?"

ಮಂಚಮ್ಮ ಉತ್ತರಕ್ಕೆ ಕಾಯಲಿಲ್ಲ. ಸೊಸೆಯ ಕಡೆ ತಿರುಗಿ, "ನಡಿಯಮ್ಮಿ, ನಾಳೆ ಬೆಳಗಿನ ಬಸ್ಸಿಗೆ ಆಸ್ಪತ್ರೆಗೆ ಓಗನ. ಮಗೀನೂ ಎತ್ಕೊ" ಎಂದಳು. ನಾಳೆ ಶುಕ್ರವಾರ ಎಂದು ಯಾರೂ ನೆನಪಿಸಲಿಲ್ಲ. ಆಮೇಲೆ ಉಳಿದವರಿಗೆ ಹೇಳಿದಳು: ಇನ್ನು ಮೇಲೆ ಬೂಬಮ್ಮ ಹೊಸಿಲ ಮುಂದೆ ಬಂದು ನಿಂತ ಮೇಲೆಯೇ ಬೊಟ್ಟು ಒರೆಸುವುದು, ಅವಳು ಬರದಿದ್ದರೆ ವಸ್ತು ಅಟ್ಟದ ಮೇಲೇ ಇರಲಿ, ಮುಂದಿನ ವಾರ ಕೊಟ್ಟರಾಯಿತು.

ಆದರೆ ಬಯಲಿಗೆ ಬಂದಿದ್ದವರು ಒಂಬತ್ತು ಜನ ಮಾತ್ರ. ಬೆಂಕಿಗೆ ವಸ್ತು ಕೊಟ್ಟ ಮನೆಗಳು ಹೆಚ್ಚಿದ್ದವು. ಮಂಚಮ್ಮ ಅವಳ ಕಡೆ ನೋಡದೆಯೇ, "ಆಚೆ ಬೀದೀಗೂ ನೀನೇ ಯೋಳ್ಬೇಕು. ನಾವ್ ಯೋಳಿದ್ರೆ ಮಾತಾಯ್ತದ ಅಷ್ಟೇಯ" ಎಂದಳು. ಕಠಿಣವಾಗಿ ಹೇಳಿದಳೋ, ದುಃಖದಿಂದ ಹೇಳಿದಳೋ ಫಖ್ರುನ್ನೀಸಾಳಿಗೆ ತಿಳಿಯಲಿಲ್ಲ.

ಅವಳು ಹೋದಳು. ಕನಕರಾಜು ಆಟೊವನ್ನು ನಡಿಗೆಯ ವೇಗದಲ್ಲಿ ಹಿಂದೆ ಹಿಂದೆ ತಂದ. ಅಂದು ಅವನು ಒಂದೂ ತಮಾಷೆ ಮಾಡಲಿಲ್ಲ. ಪ್ರತಿ ಬಾಗಿಲಲ್ಲಿ ಕಾಗದ ಬಿಡಿಸಿ, ನನಗೊಬ್ಬಳು ತಂಗಿ ಇದ್ದಳು ಎಂಬಲ್ಲಿಂದ ಶುರು ಮಾಡಬೇಕಿತ್ತು. ಹೇಳಿ ಹೇಳಿ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಗುರಾಗಲಿಲ್ಲ. ಒಬ್ಬಳು ಅತ್ತಳು. ಒಬ್ಬಳು ಬಾಗಿಲು ಅರ್ಧ ಮುಚ್ಚಿ, ಇಷ್ಟು ಮಾಡಿದವಳು ಈಗ ಬುದ್ಧಿ ಹೇಳೋಕೆ ಬಂದವಳೆ ಎಂದು ಒಳಗಿದ್ದವರಿಗೆ ಹೇಳಿದ್ದು ಹೊರಗೆ ಕೇಳಿಸಿತು. ಫಖ್ರುನ್ನೀಸಾ ಅಲ್ಲಿಯೇ ನಿಂತು, ಮುಚ್ಚದೆ ಉಳಿದ ಅರ್ಧ ಬಾಗಿಲಿಗೆ ಉಳಿದದ್ದನ್ನು ಹೇಳಿ ಮುಗಿಸಿದಳು.

ಬೀದಿಯ ಕೊನೆಯ ಮನೆ ದೊಡ್ಡಮಲ್ಲಮ್ಮನದು. ತೊಂಬತ್ತರ ಹತ್ತಿರದ ಮುದುಕಿ, ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಫಖ್ರುನ್ನೀಸಾ ಸಣ್ಣ ದನಿಯಲ್ಲಿ ಹೇಳುತ್ತಿದ್ದಷ್ಟು ಹೊತ್ತೂ ಅವಳ ಬಾಯಿಯನ್ನೇ ನೋಡುತ್ತಿದ್ದು, ಕೊನೆಗೆ ಕಿವಿಗೆ ಕೈ ಅಡ್ಡ ಹಿಡಿದಳು.

"ಒಂದೂ ಕೇಳ್ಸನಿಲ್ಲ ಕನವ್ವ. ಜೋರಾಗಿ ಯೋಳು."

ಅಕ್ಕಪಕ್ಕದ ಮನೆಯವರು ಹೊರಗೆ ನಿಂತಿದ್ದರು. ಅಂಗಡಿಯ ಮುಂದೆ ನಾಲ್ಕು ಜನ ಗಂಡಸರಿದ್ದರು. ಕನಕರಾಜು ಆಟೊ ಆಫ್ ಮಾಡಿದ. ಫಖ್ರುನ್ನೀಸಾ ಚೀಲವನ್ನು ನೆಲಕ್ಕಿಟ್ಟು, ಇಡೀ ಬೀದಿಗೆ ಕೇಳುವ ಹಾಗೆ, ಬೆಳಗಿನಿಂದ ಯಾವ ಬಾಗಿಲಲ್ಲೂ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದಳು.

"ನನ್ನ ತಂಗೀನ ನಾನೇ ಹೊಗೆ ಕಡೆ ಕೂರಿಸಿದೆ ಅವ್ವ. ನನ್ನ ಕಡೆ ಬಿಸಿಲಿತ್ತು. ಆ ಕಡೆ ನೆರಳಿತ್ತು. ಇನ್ನೂ ಮಗು, ನೆರಳಲ್ಲಿ ಕೂತ್ಕೊಳ್ಲಿ ಅಂತ ಕೂರಿಸಿದೆ. ಹೊಗೆ ಆ ಕಡೆಗೇ ಹೋಗ್ತಿತ್ತು."

ಈ ಸಲ ಮುದುಕಿಗೆ ಕೇಳಿಸಿತು. ಅವಳು ಚಾಚಿದ್ದ ಕಾಲನ್ನು ಕಷ್ಟಪಟ್ಟು ಮಡಿಸಿಕೊಂಡು, ಜಗುಲಿಯ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಳು.